ಅರ್ಧ ಗಂಟೆಗೊಂದು ನಡೆ: ಆಲನ್ ಟ್ಯೂರಿಂಗ್ ಮತ್ತು ಕಾಗದದ ಚೆಸ್ ಪ್ರೋಗ್ರಾಮ್

ಮಾರಿಕುಪ್ಪಂನಿಂದ ಬೆಳಗಿನ ಟ್ರೈನ್ ಹತ್ತುವವರಿಗೆ ಇದು ಗೊತ್ತು. ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆ ಬರೋ ಹೊತ್ತಿಗೆ ಬೋಗಿಯಲ್ಲಿ ಕಾಲಿಡೋಕೂ ಜಾಗ ಇರಲ್ಲ. ಸೀಟ್ ಸಿಕ್ಕವರು ನಿದ್ದೆ ಹೊಡೀತಾರೆ, ಸಿಗದವರು ಕಂಬಿ ಹಿಡ್ಕೊಂಡು ಮೊಬೈಲ್ ನೋಡ್ತಾರೆ. ಗುಕೇಶ್ ವಿಶ್ವ ಚಾಂಪಿಯನ್ ಆದಮೇಲಂತೂ ಆ ಮೊಬೈಲ್‌ಗಳಲ್ಲಿ ಚೆಸ್ ಬೋರ್ಡ್ ಕಾಣೋದು ಜಾಸ್ತಿಯಾಗಿದೆ. ಅದರ ಹಿಂದೆಯೇ ಒಂದು ವಾದವೂ ಬರುತ್ತೆ. ಈಗಿನ ಚೆಸ್ ಸಾಫ್ಟ್‌ವೇರ್ ಹಳೆಯದಕ್ಕಿಂತ ನಿಜವಾಗಿಯೂ ಜಾಣನಾ, ಅಥವಾ ಕೆಳಗಿರೋ ಚಿಪ್ ಫಾಸ್ಟ್ ಆಗಿದೆ ಅಷ್ಟೇನಾ? ಸಿಎಸ್‌ನವರು ಅಲ್ಗಾರಿದಮ್ ಅಂತಾರೆ, ಇಸಿಯವರು ಚಿಪ್ ಅಂತಾರೆ. ಮೆಕ್ಯಾನಿಕಲ್‌ನವರು ಯಾರ ಹತ್ರ ಚಾರ್ಜರ್ ಇದೆ ಅಂತ ಕೇಳ್ತಾರೆ.

ಈ ಜಗಳ ಬಿಡಿಸೋಕೆ, ಚಿಪ್ಪೇ ಇಲ್ಲದೆ ಓಡಿದ ಒಂದು ಚೆಸ್ ಪ್ರೋಗ್ರಾಮನ್ನು ಹತ್ತಿರದಿಂದ ನೋಡಬಹುದು. ಅದು ಕಾಗದದ ಮೇಲಿತ್ತು. ಅದನ್ನು ಓಡಿಸಿದ ಪ್ರೊಸೆಸರ್ ಒಬ್ಬ ಮನುಷ್ಯ, ಹೆಸರು ಆಲನ್ ಟ್ಯೂರಿಂಗ್. ಹೆಸರು ಎಲ್ಲರಿಗೂ ಗೊತ್ತು, ಥಿಯರಿ ಆಫ್ ಕಂಪ್ಯುಟೇಶನ್ ಪೇಪರ್ ಬರೆಯುವವರಿಗೆ ಸ್ವಲ್ಪ ಜಾಸ್ತಿಯೇ ಗೊತ್ತು. ಆದರೆ ಅವನ ಕಥೆಯ ಒಂದು ಎಳೆ ನಾವು ದಿನಾ ಓಡಾಡೋ ಹಳಿಯ ಮೇಲಿಂದಲೇ ಶುರುವಾಗುತ್ತೆ ಅನ್ನೋದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಬಂಗಾರಪೇಟೆಗೆ ಮೊದಲಿದ್ದ ಹೆಸರು ಬೌರಿಂಗ್‌ಪೇಟೆ. ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನಿಂದ ಬಂದದ್ದು. ಜೋಲಾರಪೇಟೆಯಿಂದ ಬೆಂಗಳೂರು ಕಂಟೋನ್ಮೆಂಟ್‌ವರೆಗೆ ಮದ್ರಾಸ್ ರೈಲ್ವೆ ಕಂಪನಿ ಹಾಕಿದ ಹಳಿಯಲ್ಲಿ 1864ರಲ್ಲಿ ರೈಲು ಓಡಿತು. ಅದರ ಮೇಲಿನ ಸ್ಟೇಷನ್ನೇ ನಮ್ಮ ಬೌರಿಂಗ್‌ಪೇಟೆ. ಮುಂದೆ 1894ರಲ್ಲಿ ಚಿನ್ನದ ಗಣಿಗಳಿಗಾಗಿ ಇಲ್ಲಿಂದ ಕೆಜಿಎಫ್ ಕಡೆಗೆ ಕವಲು ಹಳಿ ಬಂತು. ಆ ಮದ್ರಾಸ್ ರೈಲ್ವೆಯಲ್ಲಿ ಚೀಫ್ ಎಂಜಿನಿಯರ್ ಹುದ್ದೆವರೆಗೆ ಏರಿದವರು ಎಡ್ವರ್ಡ್ ವಾಲರ್ ಸ್ಟೋನಿ ಅನ್ನೋ ಐರ್ಲೆಂಡ್ ಮೂಲದ ಎಂಜಿನಿಯರ್. ತುಂಗಭದ್ರಾ ನದಿಗೆ ರೈಲ್ವೆ ಸೇತುವೆ ಕಟ್ಟಿಸಿದ್ದು ಅವರ ದೊಡ್ಡ ಕೆಲಸ. ಇನ್ನೊಂದು ಸಣ್ಣ ಕೆಲಸವೂ ಇದೆ, ನನಗೆ ಅದೇ ಹೆಚ್ಚು ಇಷ್ಟ. ಆಗ ಕರೆಂಟ್ ಫ್ಯಾನ್ ಇರಲಿಲ್ಲ, ಸೂರಿಗೆ ಕಟ್ಟಿದ ಪಂಖಾವನ್ನು ಆಳು ಹಗ್ಗದಲ್ಲಿ ಎಳೀಬೇಕಿತ್ತು. ಹಗ್ಗ ಹಾದುಹೋಗೋ ರಾಟೆ ಕಿರ್ ಕಿರ್ ಅಂತಿತ್ತು. ಸದ್ದು ಮಾಡದ ರಾಟೆಯೊಂದನ್ನು ಸ್ಟೋನಿ ಮಾಡಿ ಪೇಟೆಂಟ್ ತಗೊಂಡರು.

ಸ್ಟೋನಿಯವರ ಮಗಳು ಎಥೆಲ್ ಸಾರಾ ಹುಟ್ಟಿದ್ದು 1881ರಲ್ಲಿ, ಕೊಯಮತ್ತೂರಿನ ಹತ್ತಿರದ ಪೋದನೂರಿನಲ್ಲಿ. ಅದೂ ರೈಲ್ವೆ ಜಂಕ್ಷನ್ನೇ. ಆಕೆ ಮದುವೆಯಾದದ್ದು ಜೂಲಿಯಸ್ ಟ್ಯೂರಿಂಗ್ ಅನ್ನೋ ಐಸಿಎಸ್ ಅಧಿಕಾರಿಯನ್ನು. 1896ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದ ಜೂಲಿಯಸ್ ಬಳ್ಳಾರಿ, ಕರ್ನೂಲು, ವಿಶಾಖಪಟ್ಟಣದ ಕಡೆ ವರ್ಷಗಟ್ಟಲೆ ಕಂದಾಯ, ನ್ಯಾಯ, ನೀರಾವರಿ ಅಂತ ಸುತ್ತಿದವರು. ಬಳ್ಳಾರಿಯ ಬಿಸಿಲು ತಿಂದ ಮನುಷ್ಯ ಅಂದರೆ ನಮಗೆ ಅರ್ಧ ನೆಂಟನೇ. ದಂಪತಿಯ ಮೊದಲ ಮಗ ಜಾನ್ ಹುಟ್ಟಿದ್ದು ಕೂನೂರಿನ ಅಜ್ಜನ ಮನೆಯಲ್ಲಿ. ಎರಡನೆಯವನು ಆಲನ್, 1912ರ ಜೂನ್ 23ರಂದು ಲಂಡನ್ನಿನಲ್ಲಿ ಹುಟ್ಟಿದ.

ಆಲನ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಅವನ ಬಾಲ್ಯವನ್ನು ಅರ್ಧ ತಿಂದದ್ದು ಭಾರತವೇ. ಇಲ್ಲಿನ ಸೆಖೆ, ರೋಗ ಮಕ್ಕಳಿಗೆ ಆಗಲ್ಲ ಅಂತ ಐಸಿಎಸ್ ಕುಟುಂಬಗಳು ಮಕ್ಕಳನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಬರ್ತಿದ್ದವು. ಆಲನ್‌ಗೆ ಎರಡು ವರ್ಷ ತುಂಬೋ ಮೊದಲೇ ಅಪ್ಪ ಅಮ್ಮ ಇಬ್ಬರೂ ಮದ್ರಾಸ್ ಪ್ರಾಂತ್ಯಕ್ಕೆ ವಾಪಸ್. ಅಣ್ಣ ತಮ್ಮ ಇಬ್ಬರೂ ಸಮುದ್ರದ ದಂಡೆಯ ಊರೊಂದರಲ್ಲಿ, ವಾರ್ಡ್ ಅನ್ನೋ ನಿವೃತ್ತ ಕರ್ನಲ್ ಮನೆಯಲ್ಲಿ ಬೆಳೆದರು. ಅಮ್ಮ ಬರೋದು, ಕೆಲವು ತಿಂಗಳು ಇರೋದು, ಮತ್ತೆ ಹಡಗು ಹತ್ತೋದು. ಹಾಸ್ಟೆಲ್ ಮೆಸ್ಸಿನ ಅನ್ನ ತಿಂದು ಮನೆ ನೆನೆಸಿಕೊಳ್ಳೋ ನಮಗೆ ಹದಿನೆಂಟು ವರ್ಷ ಆಗಿರುತ್ತೆ, ಅವನಿಗೆ ಒಂದೂವರೆ.

ಸ್ಕೂಲಿನಲ್ಲಿ ಅವನು ಟೀಚರ್‌ಗಳಿಗೆ ತಲೆನೋವು. ಕೈಬರಹ ಕೋಳಿ ಕೆದರಿದ ಹಾಗೆ, ಬಟ್ಟೆ ತುಂಬಾ ಮಸಿ, ಗಣಿತದಲ್ಲಿ ಉತ್ತರ ಸರಿ ಆದರೆ ಹಂತಗಳು ಕಾಣಲ್ಲ. ಇಂಟರ್ನಲ್ಸ್‌ನಲ್ಲಿ ಸ್ಟೆಪ್ ಮಾರ್ಕ್ಸ್ ಕಳಕೊಳ್ಳೋ ಗುಂಪಿನವರು ಸಮಾಧಾನ ಪಟ್ಟುಕೊಳ್ಳಬಹುದು. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನವೇ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ, ರೈಲು ಬಂದ್. ಹದಿಮೂರು ವರ್ಷದ ಹುಡುಗ ಸೌತಾಂಪ್ಟನ್‌ನಿಂದ ಸುಮಾರು 60 ಮೈಲಿ ಸೈಕಲ್ ತುಳಿದುಕೊಂಡು, ನಡುವೆ ಒಂದು ರಾತ್ರಿ ತಂಗಿ, ಶಾಲೆ ತಲುಪಿದ. ಅಲ್ಲಿ ಅವನಿಗೆ ಸಿಕ್ಕ ಒಬ್ಬನೇ ನಿಜವಾದ ಗೆಳೆಯ ಕ್ರಿಸ್ಟೋಫರ್ ಮೋರ್ಕಮ್. ಇಬ್ಬರೂ ಸೇರಿ ನಕ್ಷತ್ರ, ಕೆಮಿಸ್ಟ್ರಿ, ಗಣಿತ ಅಂತ ಮಾತಾಡ್ತಿದ್ದರು. 1930ರ ಫೆಬ್ರವರಿಯಲ್ಲಿ ಕ್ಷಯದಿಂದ ಕ್ರಿಸ್ಟೋಫರ್ ತೀರಿಕೊಂಡ. ಮನಸ್ಸು ಅನ್ನೋದು ದೇಹದ ಆಚೆ ಎಲ್ಲಾದರೂ ಉಳಿಯುತ್ತಾ, ಜಡವಸ್ತುವಿನಲ್ಲಿ ಮನಸ್ಸು ಹೇಗೆ ಕೂತಿರುತ್ತೆ ಅನ್ನೋ ಪ್ರಶ್ನೆ ಟ್ಯೂರಿಂಗ್ ತಲೆ ಹೊಕ್ಕಿದ್ದು ಆ ಸಾವಿನಿಂದ.

ಕೇಂಬ್ರಿಡ್ಜ್ ಸೇರಿದ, ಫೆಲೋ ಆದ. 24ನೇ ವಯಸ್ಸಿನಲ್ಲಿ, 1936ರಲ್ಲಿ, ಯಾವ ಲೆಕ್ಕವನ್ನು ಯಂತ್ರದಂತೆ ಹಂತಹಂತವಾಗಿ ಮಾಡಬಹುದು, ಯಾವುದನ್ನು ಮಾಡೋಕಾಗಲ್ಲ ಅಂತ ತೋರಿಸೋ ಪ್ರಬಂಧ ಬರೆದ. ಟ್ಯೂರಿಂಗ್ ಮಷೀನ್ ಅಂತ ನಾವು ಓದೋದು ಅದನ್ನೇ. ಒಂದು ವಿಷಯ ಮರೀಬಾರದು, ಆ ಕಾಲದಲ್ಲಿ ಕಂಪ್ಯೂಟರ್ ಅಂದರೆ ಯಂತ್ರ ಅಲ್ಲ. ಕಾಗದ ಪೆನ್ಸಿಲ್ ಇಟ್ಟುಕೊಂಡು, ಕೊಟ್ಟ ನಿಯಮ ತಪ್ಪದೆ ಲೆಕ್ಕ ಮಾಡೋ ನೌಕರನಿಗೆ ಕಂಪ್ಯೂಟರ್ ಅಂತಿದ್ದರು. ಟ್ಯೂರಿಂಗ್ ತನ್ನ ಯಂತ್ರ ಕಲ್ಪಿಸಿಕೊಂಡದ್ದು ಅಂಥ ಮನುಷ್ಯನನ್ನು ನೋಡಿ. ಆದ್ದರಿಂದ ಅವನಿಗೆ ಪ್ರೋಗ್ರಾಮ್ ಬೇರೆ, ಅದನ್ನು ಓಡಿಸೋದು ಯಾರು ಅನ್ನೋದು ಬೇರೆ. ನಿಯಮ ಸರಿಯಾಗಿದ್ದರೆ ಹಲ್ಲುಚಕ್ರ ಓಡಿಸಲಿ, ವಾಲ್ವ್ ಓಡಿಸಲಿ, ಗುಮಾಸ್ತ ಓಡಿಸಲಿ, ಉತ್ತರ ಒಂದೇ. ನಮ್ಮ ಟ್ರೈನ್ ಜಗಳದಲ್ಲಿ ಸಿಎಸ್ ಮತ್ತು ಇಸಿ ನಡುವಿನ ಗೆರೆ ಎಳೆದದ್ದು ಅಲ್ಲೇ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಮರುದಿನವೇ ಅವನು ಬ್ಲೆಚ್ಲಿ ಪಾರ್ಕ್ ಸೇರಿದ. ಜರ್ಮನಿಯ ಎನಿಗ್ಮಾ ಯಂತ್ರದ ಗುಪ್ತಲಿಪಿ ಒಡೆಯೋ ಕೆಲಸ. ಸಾಮಾನ್ಯ ಮೂರು ಚಕ್ರದ ಎನಿಗ್ಮಾವನ್ನು ದಿನಕ್ಕೊಂದು ರೀತಿ ಹೊಂದಿಸೋಕೆ ಇದ್ದ ಸಾಧ್ಯತೆಗಳ ಸಂಖ್ಯೆ ಹತ್ತಿರ ಹತ್ತಿರ 159ರ ಮುಂದೆ 18 ಸೊನ್ನೆ. ಒಂದೊಂದಾಗಿ ಪರೀಕ್ಷಿಸ್ತೀನಿ ಅಂದರೆ ಯುಗ ಮುಗಿಯುತ್ತೆ. ಟ್ಯೂರಿಂಗ್ ಹಿಡಿದ ದಾರಿ ಬೇರೆ. ಸಂದೇಶದಲ್ಲಿ ಇಂಥ ಪದ ಇದ್ದೇ ಇರುತ್ತೆ ಅಂತ ಮೊದಲು ಊಹೆ ಮಾಡು, ಆ ಊಹೆಗೆ ವಿರುದ್ಧವಾದ ಹೊಂದಿಕೆಗಳನ್ನು ಗುಡಿಸಿ ಹಾಕು, ಉಳಿದವನ್ನು ಮಾತ್ರ ನೋಡು. ಗೋರ್ಡನ್ ವೆಲ್ಚ್‌ಮನ್ ಸುಧಾರಣೆಯ ಜೊತೆ ಇದೇ ಬಾಂಬ್ ಅನ್ನೋ ಯಂತ್ರವಾಯ್ತು, 1940ರಲ್ಲಿ ಕೆಲಸ ಶುರು ಮಾಡಿತು.

ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1880ರ ದಶಕದ ಆರಂಭದಲ್ಲಿ ಇಲ್ಲಿ ಹಲವು ಕಂಪನಿಗಳು ಕಂಡಕಂಡಲ್ಲಿ ಅಗೆದು ದುಡ್ಡು ಕಳಕೊಂಡವು. ಮೈಸೂರು ಮೈನ್‌ನವರೂ ಕೈಚೆಲ್ಲೋ ಹಂತದಲ್ಲಿದ್ದರು. ಆಗ ಕ್ಯಾಪ್ಟನ್ ಪ್ಲಮರ್ ಹಳೇ ಕಾಲದವರು ಅಗೆದು ಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಕೆಳಗಿಳಿದಾಗ ಚಾಂಪಿಯನ್ ರೀಫ್ ಸಿಕ್ಕಿತು. ಅದರ ಬೆನ್ನು ಹತ್ತಿ ಮುಂದೆ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳ ಹೋದರು. ಆಳಕ್ಕೆ ಹೋಗೋ ಯಂತ್ರ ಬೇಕೇ ಬೇಕು, ಸರಿ. ಆದರೆ ಎಲ್ಲಿ ಅಗೆಯಬಾರದು ಅಂತ ಗೊತ್ತಿಲ್ಲದಿದ್ದರೆ ಆ ಯಂತ್ರದಿಂದ ಸಿಗೋದು ಬರೀ ಕಲ್ಲು.

ಬ್ಲೆಚ್ಲಿಯಲ್ಲಿ ಚೆಸ್ ಆಟಗಾರರ ದಂಡೇ ಇತ್ತು. ಹ್ಯೂ ಅಲೆಕ್ಸಾಂಡರ್, ಸ್ಟುವರ್ಟ್ ಮಿಲ್ನರ್-ಬ್ಯಾರಿ, ಹ್ಯಾರಿ ಗೊಲೊಂಬೆಕ್, ಮೂವರೂ ಇಂಗ್ಲೆಂಡ್ ತಂಡಕ್ಕೆ ಆಡಿದವರು. ಇವರ ನಡುವೆ ಟ್ಯೂರಿಂಗ್ ಚೆಸ್ ಬಗ್ಗೆ ಹೇಳಬೇಕಂದರೆ, ಪಾಪ, ಬಹಳ ಸಾಧಾರಣ. ಗೊಲೊಂಬೆಕ್ ತನ್ನ ಮಂತ್ರಿಯನ್ನು, ಅಂದರೆ ಕ್ವೀನನ್ನು, ಬೋರ್ಡಿನಿಂದ ಮೊದಲೇ ತೆಗೆದಿಟ್ಟು ಆಡಿಯೂ ಇವನನ್ನು ಸೋಲಿಸ್ತಿದ್ದರಂತೆ. ಇವನು ಸೋತೆ ಅಂತ ಕೈ ಎತ್ತಿದ ಮೇಲೆ ಬೋರ್ಡ್ ತಿರುಗಿಸಿ, ಇವನ ಕಾಯಿಗಳಿಂದಲೇ ಗೆಲ್ತಿದ್ದರು ಅಂತಲೂ ಕಥೆ ಇದೆ. ಓಟದಲ್ಲಿ ಮಾತ್ರ ಟ್ಯೂರಿಂಗ್ ಗಟ್ಟಿ. 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಓಡಿದವನು. ಅದನ್ನೇ ಚೆಸ್‌ಗೆ ಸೇರಿಸಿ ಒಂದು ಹೊಸ ಆಟ ಮಾಡಿದ. ನೀನು ನಡೆ ಇಟ್ಟ ಕೂಡಲೇ ಎದ್ದು ಮನೆ ಸುತ್ತ ಓಡು, ವಾಪಸ್ ಬರೋದರೊಳಗೆ ಎದುರಾಳಿ ನಡೆ ಇಟ್ಟಿಲ್ಲ ಅಂದರೆ ನಿನಗೆ ಇನ್ನೊಂದು ನಡೆ. ನಮ್ಮ ಹಾಸ್ಟೆಲ್ ಸುತ್ತ ಆಡಿ ನೋಡಬಹುದು, ವಾರ್ಡನ್ ಇಲ್ಲದಾಗ.

ತನ್ನ ಆಟ ಎಷ್ಟು ಕೆಟ್ಟದ್ದಾದರೂ, ಆಟ ಆಡೋ ಯೋಚನೆ ಹೇಗೆ ನಡೆಯುತ್ತೆ ಅನ್ನೋದು ಅವನನ್ನು ಬಿಡಲಿಲ್ಲ. ಯುದ್ಧದ ನಡುವೆಯೇ ಜ್ಯಾಕ್ ಗುಡ್, ಡೊನಾಲ್ಡ್ ಮಿಕಿ ಜೊತೆ ಯಂತ್ರ ಚೆಸ್ ಆಡೋ ಬಗ್ಗೆ ಚರ್ಚೆ ಮಾಡ್ತಿದ್ದ. 1946ರ ಹೊತ್ತಿಗೆ ಕಂಪ್ಯೂಟರ್ ಕಟ್ಟೋ ಯೋಜನೆಯ ವರದಿ ಬರೆದಾಗಲೂ ಅದರಲ್ಲಿ ಚೆಸ್ ಸೇರಿಸಿದ. 1948ರಲ್ಲಿ ಗೆಳೆಯ ಡೇವಿಡ್ ಚಾಂಪರ್ನೌನ್ ಜೊತೆ ಕೂತು ಪೂರ್ತಿ ನಿಯಮಗಳನ್ನು ಬರೆದ. ಇಬ್ಬರ ಹೆಸರನ್ನೂ ಕೂಡಿಸಿ ಟ್ಯೂರೋಚಾಂಪ್ ಅಂತ ಹೆಸರಾಯ್ತು.

ಅದರ ಒಳಗೆ ಏನಿತ್ತು ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಇವತ್ತಿನ ಸಾಫ್ಟ್‌ವೇರಿನ ಬೇರು ಇರೋದು ಅಲ್ಲೇ. ಮೊದಲು ಕಾಯಿಗಳಿಗೆ ಬೆಲೆ ಕಟ್ಟಿದರು. ಕಾಲಾಳು 1, ಕುದುರೆ 3, ಒಂಟೆ ಮೂರೂವರೆ, ಆನೆ 5, ಮಂತ್ರಿ 10. ತಾನು ಇಡಬಹುದಾದ ಪ್ರತಿ ನಡೆ, ಅದಕ್ಕೆ ಎದುರಾಳಿ ಇಡಬಹುದಾದ ಪ್ರತಿ ಉತ್ತರ, ಇಷ್ಟನ್ನು ಪೂರ್ತಿ ನೋಡಬೇಕು. ಆಮೇಲೆ ಎಲ್ಲಿ ನಿಲ್ಲಿಸೋದು? ಇಲ್ಲಿದೆ ಅವನ ಜಾಣತನ. ನನ್ನ ಮಂತ್ರಿ ಎದುರಾಳಿಯ ಕಾಲಾಳನ್ನು ಹೊಡೀತು ಅಂದ್ಕೊಳ್ಳಿ. ಅಲ್ಲಿಗೇ ಲೆಕ್ಕ ನಿಲ್ಲಿಸಿದರೆ ನನಗೆ ಒಂದು ಪಾಯಿಂಟ್ ಲಾಭ. ಆದರೆ ಆ ಕಾಲಾಳಿಗೆ ಕುದುರೆಯ ಕಾವಲಿದ್ದರೆ ಮುಂದಿನ ನಡೆಯಲ್ಲೇ ಹತ್ತು ಪಾಯಿಂಟ್ ಹೋಯ್ತು. ಆದ್ದರಿಂದ ಹೊಡೆದಾಟ ನಡೀತಿರೋವಾಗ ಲೆಕ್ಕ ನಿಲ್ಲಿಸಬಾರದು. ತಿರುಗಿ ಹೊಡೆಯೋದು, ಕಾವಲಿಲ್ಲದ ಕಾಯಿ ಹೊಡೆಯೋದು, ಸಣ್ಣ ಕಾಯಿಯಿಂದ ದೊಡ್ಡದನ್ನು ಹೊಡೆಯೋದು, ಇಂಥ ನಡೆಗಳು ಮುಗಿದು ಬೋರ್ಡ್ ತಣ್ಣಗಾಗೋವರೆಗೆ ಆ ಒಂದು ದಾರಿಯನ್ನಷ್ಟೇ ಹಿಂಬಾಲಿಸಬೇಕು. ಬೆಲೆಯಲ್ಲಿ ಸಮ ಬಂದರೆ ಆಗ ಕಾಯಿ ಕೂತಿರೋ ಜಾಗ ನೋಡಬೇಕು. ಒಂದು ಕಾಯಿ ಎಷ್ಟು ಮನೆಗೆ ಹೋಗಬಲ್ಲದೋ ಆ ಸಂಖ್ಯೆಯ ವರ್ಗಮೂಲ ತಗೋ, ರಾಜ ಭದ್ರವಾಗಿದ್ದಾನಾ ನೋಡು, ಕಾಲಾಳು ಮುಂದೆ ಸಾಗಿದಷ್ಟೂ ಚೂರು ಚೂರು ಅಂಕ ಕೊಡು. ಚೆಸ್ ಪ್ರೋಗ್ರಾಮ್ ಬರೆಯೋವಾಗ ಕ್ವಿಯಸೆನ್ಸ್ ಸರ್ಚ್ ಅಂತ ನಾವು ಇವತ್ತು ಹಾಕೋ ಫಂಕ್ಷನ್ ಇದೇ.

ಇದನ್ನು ಓಡಿಸೋಕೆ ಯಂತ್ರ ಇರಲಿಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ 1951ರಲ್ಲಿ ಫೆರಾಂಟಿ ಮಾರ್ಕ್ 1 ಬಂದ ಮೇಲೆ ಅದಕ್ಕೆ ಹಾಕೋಕೆ ಟ್ಯೂರಿಂಗ್ ಪ್ರಯತ್ನಪಟ್ಟ, ಮುಗಿಸಲಿಲ್ಲ. ಅದೇ ಯಂತ್ರದಲ್ಲಿ ಆ ವರ್ಷ ಡೀಟ್ರಿಚ್ ಪ್ರಿಂಝ್ ಬರೆದ ಪ್ರೋಗ್ರಾಮ್ ಓಡಿತು. ಅದು ಪೂರ್ತಿ ಆಟ ಆಡೋದಲ್ಲ, ಎರಡೇ ನಡೆಯಲ್ಲಿ ಮಾತ್ ಮಾಡೋ ಪದಬಂಧದಂಥ ಸಮಸ್ಯೆ ಬಿಡಿಸೋದು. ಟ್ಯೂರಿಂಗ್ ಮಾತ್ರ 1952ರಲ್ಲಿ ತಾನೇ ಕಂಪ್ಯೂಟರ್ ಆಗಿ ಕೂತ. ಎದುರಿಗೆ ಅಲಿಕ್ ಗ್ಲೆನ್ನಿ. ಇವರು ಚೆಸ್ಸಿನಲ್ಲಿ ದೊಡ್ಡವರೇನಲ್ಲ, ಕಂಪೈಲರ್ ಇತಿಹಾಸದಲ್ಲಿ ದೊಡ್ಡವರು. ಅದೇ ವರ್ಷ ಅವರು ಬರೆದ ಆಟೋಕೋಡನ್ನು ಮೊದಲ ಕಂಪೈಲರ್‌ಗಳಲ್ಲಿ ಒಂದು ಅಂತ ಲೆಕ್ಕ ಹಾಕ್ತಾರೆ. ಗ್ಲೆನ್ನಿ ನಡೆ ಇಡೋದು, ಟ್ಯೂರಿಂಗ್ ಕಾಗದ ತಗೊಂಡು ನಿಯಮಗಳ ಪ್ರಕಾರ ಅಂಕ ಕೂಡಿ ಕಳೆಯೋದು. ಒಂದೊಂದು ನಡೆಗೆ ಅರ್ಧ ಗಂಟೆ. ಕೊನೆಗೆ 29ನೇ ನಡೆಯಲ್ಲಿ ಪ್ರೋಗ್ರಾಮ್ ಒಂದು ಕಾಲಾಳಿನ ಆಸೆಗೆ ಬಿದ್ದು ಮಂತ್ರಿಯನ್ನೇ ಸಿಕ್ಕಿಸಿಕೊಂಡಿತು. ಆಟ ಅಲ್ಲಿಗೆ ಮುಗೀತು. ಎದುರಾಳಿಯ ಆನೆ ಪಕ್ಕದಿಂದ ಸದ್ದಿಲ್ಲದೆ ಬಂದು ನಿಲ್ಲೋದು ಹೊಡೆಯೋ ನಡೆ ಅಲ್ಲವಲ್ಲ, ಹಾಗಾಗಿ ಅದರ ಅಪಾಯ ಎಷ್ಟು ಅಂತ ಪ್ರೋಗ್ರಾಮಿಗೆ ಕಾಣಲೇ ಇಲ್ಲ.

ಅದೇ 1952 ಟ್ಯೂರಿಂಗ್ ಬದುಕಿನ ಕೆಟ್ಟ ವರ್ಷ. ಅವನ ಮನೆಯಲ್ಲಿ ಕಳ್ಳತನ ಆಯ್ತು. ಪೊಲೀಸರಿಗೆ ದೂರು ಕೊಟ್ಟ, ವಿಚಾರಣೆಯಲ್ಲಿ ತನಗೆ ಒಬ್ಬ ಯುವಕನ ಜೊತೆ ಸಂಬಂಧ ಇರೋದನ್ನು ಮುಚ್ಚಿಡದೆ ಹೇಳಿದ. ಆಗಿನ ಇಂಗ್ಲೆಂಡಿನಲ್ಲಿ ಅದು ಅಪರಾಧ. ಕಳ್ಳನನ್ನು ಹಿಡಿಯೋ ಕೇಸು ದೂರು ಕೊಟ್ಟವನ ಕೇಸಾಯ್ತು. ಮಾರ್ಚ್ 31ರಂದು ತೀರ್ಪು: ಜೈಲಾದರೂ ಸರಿ, ಇಲ್ಲವಾದರೆ ಒಂದು ವರ್ಷ ಹಾರ್ಮೋನ್ ಔಷಧವಾದರೂ ಸರಿ. ಎರಡನೆಯದನ್ನು ಒಪ್ಪಿಕೊಂಡ. ಮ್ಯಾರಥಾನ್ ಓಡಿದ ಮೈ ಬದಲಾಗೋದನ್ನು ನೋಡುತ್ತಾ ಕೆಲಸ ಮಾಡಿದ. ಗುಪ್ತಲಿಪಿ ಕೆಲಸದ ಬಾಗಿಲು ಮುಚ್ಚಿತು. ಬ್ಲೆಚ್ಲಿಯಲ್ಲಿ ಮಾಡಿದ್ದನ್ನು ಕೋರ್ಟಿನಲ್ಲಿ ಹೇಳೋ ಹಾಗೂ ಇರಲಿಲ್ಲ, ಅದು ದೇಶದ ರಹಸ್ಯ. ಚಿರತೆಯ ಚುಕ್ಕೆ, ಹೂವಿನ ಎಸಳು ಹೇಗೆ ಮೂಡುತ್ತೆ ಅನ್ನೋ ಗಣಿತವನ್ನು ಪ್ರಕಟಿಸಿದ್ದೂ ಆ ವರ್ಷವೇ ಅನ್ನೋದು ನನಗೆ ಇವತ್ತಿಗೂ ನಂಬೋಕೆ ಕಷ್ಟ.

1954ರ ಜೂನ್ 7ರಂದು, 42 ತುಂಬೋಕೆ ಎರಡು ವಾರ ಇರೋವಾಗ, ಸಯನೈಡ್ ವಿಷದಿಂದ ತೀರಿಕೊಂಡ. ಹಾಸಿಗೆ ಪಕ್ಕ ಅರ್ಧ ತಿಂದ ಸೇಬು ಇತ್ತು. ಅಧಿಕಾರಿಗಳು ಆತ್ಮಹತ್ಯೆ ಅಂತ ಬರೆದರು. ಅಮ್ಮ ಸಾರಾ ಒಪ್ಪಲಿಲ್ಲ. ಮಗ ಮನೆಯಲ್ಲೇ ರಾಸಾಯನಿಕ ಇಟ್ಟುಕೊಂಡು ಪ್ರಯೋಗ ಮಾಡ್ತಿದ್ದ, ಕೈ ಸರಿಯಾಗಿ ತೊಳೀತಿರಲಿಲ್ಲ, ಇದು ಆಕಸ್ಮಿಕ ಅಂತ ಆಕೆ ಕೊನೆವರೆಗೂ ನಂಬಿದ್ದರು. ಪೋದನೂರಿನಲ್ಲಿ ಹುಟ್ಟಿದ ಆ ರೈಲ್ವೆ ಎಂಜಿನಿಯರ್ ಮಗಳೇ 1959ರಲ್ಲಿ ಮಗನ ಮೊದಲ ಜೀವನಚರಿತ್ರೆ ಪ್ರಕಟಿಸಿದ್ದು. ಯುದ್ಧದಲ್ಲಿ ಅವನು ಏನು ಮಾಡಿದ ಅನ್ನೋದು ಆಗ ಆಕೆಗೂ ಬರೆಯೋಕಾಗಲಿಲ್ಲ, ಬ್ಲೆಚ್ಲಿ ಗುಟ್ಟು ಹೊರಬಂದದ್ದು 1970ರ ದಶಕದಲ್ಲಿ. ಬ್ರಿಟಿಷ್ ಸರ್ಕಾರ 2009ರಲ್ಲಿ ಕ್ಷಮೆ ಕೇಳಿತು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು, 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಅವನ ಚಿತ್ರ. ಅವನು ಏನು ತಪ್ಪು ಮಾಡಿದ ಅಂತ ಕ್ಷಮಾದಾನ ಅಂತ ಕೇಳೋರೂ ಇದ್ದಾರೆ, ನಾನೂ ಆ ಗುಂಪಿನವನೇ.

ಈಗ ಟ್ರೈನ್ ಜಗಳಕ್ಕೆ ಬರೋಣ. 2012ರ ಜೂನ್‌ನಲ್ಲಿ, ಟ್ಯೂರಿಂಗ್ ನೂರನೇ ಹುಟ್ಟುಹಬ್ಬಕ್ಕೆ, ಟ್ಯೂರೋಚಾಂಪ್ ನಿಯಮಗಳನ್ನು ಈಗಿನ ಕಂಪ್ಯೂಟರಿಗೆ ಹಾಕಿ ಮ್ಯಾಂಚೆಸ್ಟರಿನಲ್ಲಿ ಗ್ಯಾರಿ ಕ್ಯಾಸ್ಪರೋವ್ ಎದುರು ಕೂರಿಸಿದರು. ಅರ್ಧ ಗಂಟೆಯ ಲೆಕ್ಕ ಈಗ ಕಣ್ಣು ಮಿಟುಕಿಸೋದರೊಳಗೆ ಮುಗಿಯುತ್ತೆ. ಆದರೂ 16 ನಡೆಯಲ್ಲಿ ಆಟ ಖತಂ. ಅದೇ ನಿಯಮ, ಅದೇ ಆಳ ಅಂದಮೇಲೆ ಚಿಪ್ ಫಾಸ್ಟ್ ಆದರೆ ಏನಾಗುತ್ತೆ? ಅದೇ ಪೆದ್ದು ನಡೆ ಬೇಗ ಬರುತ್ತೆ, ಅಷ್ಟೇ.

ಇಸಿಯವರು ಸುಮ್ಮನಿರಲ್ಲ, ವೇಗ ಇದ್ದರೆ ಇನ್ನೂ ಆಳ ನೋಡಬಹುದಲ್ಲ ಅಂತಾರೆ. ಸರಿ, ಲೆಕ್ಕ ಹಾಕೋಣ. ಚೆಸ್ಸಿನ ನಡುವಿನ ಹಂತದಲ್ಲಿ ಒಂದು ಸ್ಥಿತಿಯಿಂದ ಸರಾಸರಿ 30ಕ್ಕೂ ಹೆಚ್ಚು ನಡೆ ಸಾಧ್ಯ. ಎಲ್ಲವನ್ನೂ ನೋಡ್ತೀನಿ ಅಂದರೆ ಒಂದು ನಡೆ ಆಳ ಹೋದಂತೆಲ್ಲ ಕೆಲಸ 30 ಪಟ್ಟು. ಸಾವಿರ ಪಟ್ಟು ವೇಗದ ಚಿಪ್ ಕೊಟ್ಟರೂ ಸಿಗೋದು ಎರಡೇ ನಡೆಯ ಆಳ, 30ರ ವರ್ಗ 900 ಅಲ್ವಾ. ಈಗ ಚಿಪ್ ಬದಲಿಸಬೇಡಿ, ಪ್ರೋಗ್ರಾಮಿಗೆ ಆಲ್ಫಾ-ಬೀಟಾ ಪ್ರೂನಿಂಗ್ ಹಾಕಿ. ಒಂದು ದಾರಿ ಈಗಾಗಲೇ ಕೈಯಲ್ಲಿರೋದಕ್ಕಿಂತ ಕೆಟ್ಟದು ಅಂತ ಖಚಿತವಾದ ಕೂಡಲೇ ಅದನ್ನು ಬಿಟ್ಟುಬಿಡೋದು. ನಡೆಗಳ ಕ್ರಮ ಚೆನ್ನಾಗಿದ್ದರೆ ಪ್ರತಿ ಹಂತಕ್ಕೆ 30 ಪಟ್ಟು ಇದ್ದ ಕೆಲಸ ಅದರ ವರ್ಗಮೂಲಕ್ಕೆ, ಹತ್ತಿರ ಹತ್ತಿರ ಐದೂವರೆ ಪಟ್ಟಿಗೆ ಇಳಿಯುತ್ತೆ. ಅದೇ ಯಂತ್ರ, ಅದೇ ಸಮಯ, ಆಳ ಮಾತ್ರ ಎರಡರಷ್ಟು. ಆಮೇಲೆ ಸಾವಿರ ಪಟ್ಟು ಚಿಪ್ ಬಂದರೆ ಎರಡು ನಡೆಯ ಬದಲು ನಾಲ್ಕು ನಡೆ ಸಿಗುತ್ತೆ. ಅಂದರೆ ಒಳ್ಳೆ ಪ್ರೋಗ್ರಾಮ್ ಚಿಪ್ಪಿನ ಬೆಲೆಯನ್ನೂ ಹೆಚ್ಚಿಸುತ್ತೆ.

ಕಾಗದದ ಲೆಕ್ಕ ಬೇಡ ಅನ್ನೋರಿಗೆ ಆಡಿ ತೋರಿಸಿದ ಉದಾಹರಣೆಯೂ ಇದೆ. 1997ರಲ್ಲಿ ಕ್ಯಾಸ್ಪರೋವ್‌ರನ್ನು ಮೂರೂವರೆ-ಎರಡೂವರೆಯಿಂದ ಸೋಲಿಸಿದ ಐಬಿಎಂನ ಡೀಪ್ ಬ್ಲೂ ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡ್ತಿತ್ತು. ಅದಕ್ಕಾಗಿಯೇ ಮಾಡಿದ ಚೆಸ್ ಚಿಪ್ಪುಗಳು, ಬೀರುವಿನಷ್ಟು ದೊಡ್ಡ ಎರಡು ಕ್ಯಾಬಿನೆಟ್. ಹನ್ನೆರಡು ವರ್ಷ ಬಿಟ್ಟು, 2009ರಲ್ಲಿ, ಬ್ಯೂನಸ್ ಐರಿಸ್‌ನ ಒಂದು ಟೂರ್ನಮೆಂಟಿಗೆ ಪಾಕೆಟ್ ಫ್ರಿಟ್ಸ್ 4 ಅನ್ನೋ ಪ್ರೋಗ್ರಾಮ್ ಹೋಯ್ತು. ಓಡಿದ್ದು ಎಚ್‌ಟಿಸಿ ಮೊಬೈಲ್ ಮೇಲೆ, ನೋಡಿದ್ದು ಸೆಕೆಂಡಿಗೆ 20 ಸಾವಿರಕ್ಕಿಂತ ಕಡಿಮೆ ಸ್ಥಿತಿ. ಹತ್ತರಲ್ಲಿ ಒಂಬತ್ತು ಗೆಲುವು, ಒಂದು ಡ್ರಾ, ಗ್ರ್ಯಾಂಡ್‌ಮಾಸ್ಟರ್ ಮಟ್ಟಕ್ಕೂ ಮೇಲಿನ ಆಟ. ಹತ್ತು ಸಾವಿರ ಪಟ್ಟು ಕಡಿಮೆ ಅಗೆದು ಚಿನ್ನ ತೆಗೆದ ಹಾಗೆ.

ಆದರೆ ಪೂರ್ತಿ ಮಾರ್ಕ್ಸ್ ಸಿಎಸ್‌ನವರಿಗೆ ಕೊಡೋಕೆ ನನಗೆ ಮನಸ್ಸಿಲ್ಲ. 2017ರ ಡಿಸೆಂಬರ್‌ನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತನ್ನ ಆಲ್ಫಾಝೀರೋ, ಸ್ಟಾಕ್‌ಫಿಶ್ ಜೊತೆ ನೂರು ಆಟದಲ್ಲಿ 28 ಗೆದ್ದು 72 ಡ್ರಾ ಮಾಡಿ ಒಂದೂ ಸೋಲಲಿಲ್ಲ ಅಂತ ಪ್ರಕಟಿಸಿತು. ಸೆಕೆಂಡಿಗೆ ಸ್ಟಾಕ್‌ಫಿಶ್ 7 ಕೋಟಿ, ಆಲ್ಫಾಝೀರೋ ಬರೀ 80 ಸಾವಿರ. ಕೇಳೋಕೆ ಸಖತ್ತಾಗಿದೆ. ಆದರೆ ಆಲ್ಫಾಝೀರೋ ಒಂದೊಂದು ಸ್ಥಿತಿಗೂ ನ್ಯೂರಲ್ ನೆಟ್‌ವರ್ಕಿನಲ್ಲಿ ರಾಶಿ ಗುಣಾಕಾರ ಮಾಡುತ್ತೆ, ಅದಕ್ಕೆಂದೇ ಮಾಡಿದ ಟಿಪಿಯು ಚಿಪ್ಪುಗಳ ಮೇಲೆ. ಎದುರಿಗಿದ್ದ ಸ್ಟಾಕ್‌ಫಿಶ್ ಸಾಮಾನ್ಯ ಪ್ರೊಸೆಸರ್ ಮೇಲೆ, ಹಳೇ ವರ್ಷನ್, ಒಂದು ಜಿಬಿ ಹ್ಯಾಶ್, ನಡೆಗೆ ಒಂದೇ ನಿಮಿಷ ಅನ್ನೋ ಕಟ್ಟುಪಾಡು. ಇದು ನ್ಯಾಯವಾದ ಹೋಲಿಕೆಯಾ ಅಂತ ಗಲಾಟೆಯೇ ಆಯ್ತು. ಮರುವರ್ಷ ಡೀಪ್‌ಮೈಂಡ್ ಸಾವಿರ ಆಟ ಆಡಿಸಿ 155 ಗೆಲುವು, 6 ಸೋಲು ಅಂತ ಇನ್ನೂ ಗಟ್ಟಿ ಲೆಕ್ಕ ಕೊಟ್ಟಿತು. ಆಲ್ಫಾಝೀರೋ ಬಲಶಾಲಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆ ಬಲದಲ್ಲಿ ಪ್ರೋಗ್ರಾಮ್ ಎಷ್ಟು, ಚಿಪ್ ಎಷ್ಟು ಅಂತ ಮಾತ್ರ ಆ ಸ್ಕೋರಿನಿಂದ ಬಿಡಿಸೋಕಾಗಲ್ಲ.

ಹಾಗೆ ಬಿಡಿಸಿ ನೋಡೋ ಕೆಲಸವನ್ನು ಸ್ಟಾಕ್‌ಫಿಶ್ ಗುಂಪಿನವರು ವರ್ಷಗಳಿಂದ ಮಾಡ್ತಾ ಬಂದಿದ್ದಾರೆ. ಕೋಡಿನಲ್ಲಿ ಒಂದು ಸಾಲು ಬದಲಾದರೂ ಹಳೆಯದು ಹೊಸದು ಎರಡನ್ನೂ ಅದೇ ಯಂತ್ರ, ಅದೇ ಸಮಯ, ಅದೇ ಆರಂಭದ ನಡೆಗಳಲ್ಲಿ ಬಿಳಿ ಕಪ್ಪು ಬದಲಿಸಿಕೊಂಡು ಸಾವಿರಾರು ಆಟ ಆಡಿಸ್ತಾರೆ, ಗೆದ್ದರೆ ಮಾತ್ರ ಆ ಸಾಲು ಉಳಿಯುತ್ತೆ. ಸಾವಿರಾರು ಯಾಕೆ? ಎರಡು ಸರಿಸಮ ಪ್ರೋಗ್ರಾಮುಗಳು ಡ್ರಾ ಇಲ್ಲದೆ ನೂರು ಆಟ ಆಡಿದರೆ ಸ್ಟ್ಯಾಂಡರ್ಡ್ ಡೀವಿಯೇಶನ್ನೇ 5. 54-46 ಅಂತ ಬಂದರೆ ಅದು ಬರೀ ಅದೃಷ್ಟ ಇರಬಹುದು. ಎರಡು ಆಪ್ ಡೌನ್‌ಲೋಡ್ ಮಾಡಿ ಬಂಗಾರಪೇಟೆಯಿಂದ ಕಂಟೋನ್ಮೆಂಟ್ ತಲುಪೋದರೊಳಗೆ ಮೂರು ಆಟ ಆಡಿಸಿ ತೀರ್ಪು ಕೊಡೋರು ಇದನ್ನು ಗಮನಿಸಬೇಕು. 2020ರಲ್ಲಿ ಸ್ಟಾಕ್‌ಫಿಶ್ 12ಕ್ಕೆ ಸಾಮಾನ್ಯ ಪ್ರೊಸೆಸರಿನಲ್ಲೇ ಓಡೋ ಸಣ್ಣ ನ್ಯೂರಲ್ ನೆಟ್‌ವರ್ಕ್ ಸೇರಿಸಿದರು. ಸೆಕೆಂಡಿಗೆ ನೋಡೋ ಸ್ಥಿತಿಗಳ ಸಂಖ್ಯೆ ಮೊದಲಿಗಿಂತ ಇಳೀತು. ಆದರೂ ಅದೇ ಯಂತ್ರದಲ್ಲಿ ಹಿಂದಿನ ವರ್ಷನ್ನಿಗೆ ಜೋರಾಗಿಯೇ ಹೊಡೀತು. ಹೊಸ ಸಾಫ್ಟ್‌ವೇರ್ ನಿಜವಾಗಿ ಬಲಶಾಲಿನಾ ಅನ್ನೋ ಪ್ರಶ್ನೆಗೆ ನನಗೆ ಗೊತ್ತಿರೋ ಅತ್ಯಂತ ನೇರ ಉತ್ತರ ಅದು. ಆದರೂ ಇಸಿಯವರಿಗೆ ಅರ್ಧ ಮಾರ್ಕ್ ಇಡಬೇಕು. ಆ ನೆಟ್‌ವರ್ಕಿಗೆ ಕಲಿಸೋಕೆ ಬೇಕಾದ ಕೋಟ್ಯಂತರ ಸ್ಥಿತಿಗಳನ್ನು 1952ರಲ್ಲಿ ಕಾಗದದ ಮೇಲೆ ಬರೆಯೋಕೆ ಯಾರಿಂದಲೂ ಆಗ್ತಿರಲಿಲ್ಲ.

ಟ್ಯೂರೋಚಾಂಪನ್ನು ಮತ್ತೆ ಕಟ್ಟಿದವರಿಗೆ ಎದುರಾದ ಒಂದು ಪೇಚು ಹೇಳದಿದ್ದರೆ ಕಥೆ ಅರ್ಧ ಆಗುತ್ತೆ. ನಿಯಮಗಳನ್ನು ಅಕ್ಷರಕ್ಷರ ಕೋಡ್ ಮಾಡಿ, ಗ್ಲೆನ್ನಿ ಇಟ್ಟ ನಡೆಗಳನ್ನೇ ಕೊಟ್ಟು ನೋಡಿದರೆ, ಕಂಪ್ಯೂಟರ್ ಇಡೋ ನಡೆ ಕೆಲವು ಕಡೆ 1952ರ ದಾಖಲೆಗೆ ಹೊಂದಲಿಲ್ಲ. ಕೋಡಿನಲ್ಲಿ ಬಗ್ ಇದೆ ಅಂತ ಹುಡುಕಿದರು, ಹುಡುಕಿದರು, ಸಿಗಲಿಲ್ಲ. ಟ್ಯೂರಿಂಗ್‌ನನ್ನು ಹತ್ತಿರದಿಂದ ಬಲ್ಲವರ ಪ್ರಕಾರ ಬಗ್ ಇದ್ದದ್ದು ಪ್ರೊಸೆಸರಿನಲ್ಲಿ. ಗಂಟೆಗಟ್ಟಲೆ ಕೂಡಿ ಕಳೆದು ಬೇಜಾರಾಗಿ, ಈ ನಡೆ ಹೇಗಿದ್ದರೂ ಕೆಟ್ಟದ್ದೇ ಅಂತ ಕಣ್ಣಿಗೆ ಕಂಡ ಕಡೆ, ಅವನು ಅದರ ಲೆಕ್ಕ ಪೂರ್ತಿ ಮಾಡದೆ ಮುಂದಿನದಕ್ಕೆ ಹೋಗಿಬಿಟ್ಟಿದ್ದನಂತೆ.